ಗಂಟೆ ಬರೆಯದ ಆಳ

ಆ ಕಾಗದದಲ್ಲಿ ಹನ್ನೆರಡು ಆಳಗಳಿದ್ದವು, ಗಂಟೆ ಒಂದೂ ಇರಲಿಲ್ಲ. ನಮ್ಮ ಮೀನುಗಾರರ ಸಂಘದ ಕಾರ್ಯದರ್ಶಿ ಅದನ್ನು ನನ್ನ ಸಹಿಗಾಗಿ ಮನೆಗೆ ತಂದಿದ್ದರು. ಕೆಳಗೆ ಎರಡು ಸಹಿಗಳಿಗೆ ಜಾಗ ಬಿಟ್ಟಿತ್ತು. ಒಂದರಲ್ಲಿ ‘ಕ್ಯಾಪ್ಟನ್ (ನಿವೃತ್ತ)’ ಎಂದು ಟೈಪ್ ಮಾಡಿ ಸಹಿಯೂ ಆಗಿತ್ತು. ಇನ್ನೊಂದರಲ್ಲಿ ‘ಲೆಫ್ಟಿನೆಂಟ್ (ನಿವೃತ್ತ), ನೌಕಾಪಡೆ’ ಎಂದಿತ್ತು. ಅದು ನಾನು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಲು ಐದು ದಿನ ಉಳಿದಿತ್ತು. ಹಂಗಾರಕಟ್ಟೆಯಿಂದ ಸ್ವಲ್ಪ ದೂರದಲ್ಲಿ, ಬೋಟು ಕಟ್ಟುವ ನಮ್ಮ ದಕ್ಕೆಯಲ್ಲಿ ಬೋಟುಗಳಿಗೆ ಬಣ್ಣ ಬಳಿದು, ಬಲೆ ಏರಿಸಿ, ಐಸ್‌ಗೆ ಹೇಳಿ ಆಗಿತ್ತು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮರಳು ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತದೆ. ಹೋದ ವರ್ಷ ಬೋಟು ಹೋದ ದಾರಿಯಲ್ಲಿ ಈ ವರ್ಷ ದಿಣ್ಣೆ ಇರಬಹುದು. ಹಾಗಾಗಿ ಬೋಟು ಇಳಿಸುವ ಮುಂಚೆ ಆಳ ನೋಡಿ, ಹೋಗಬಹುದಾದ ದಾರಿಯ ಎರಡೂ ಬದಿಗೆ ಬೋಯೆ, ಅಂದರೆ ಗುರುತಿನ ಬುಂಡೆ, ತೇಲಿಬಿಡುತ್ತಾರೆ. ಮೊದಲೆಲ್ಲ ಈ ಕೆಲಸ ಹಳೆಯ ತಾಂಡೇಲರೊಬ್ಬರದಾಗಿತ್ತು. ಬೋಟು ನಡೆಸುವ ತಾಂಡೇಲನಾಗಿ ಐವತ್ತು ಮಳೆಗಾಲ ಕಂಡವರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ದಡದಲ್ಲಿ ಕೂತು ತೆರೆ ಎಲ್ಲಿ ಒಡೆಯುತ್ತದೆ ಎಂದು ನೋಡಿ, ಬಿದಿರಿನ ಗಳು ಹಿಡಿದು ಹೋಗಿ ಬರುತ್ತಿದ್ದರು. ಹೋದ ವರ್ಷ ಸಂಘ ಒಂದು ಸುರಕ್ಷತಾ ಸಮಿತಿ ಮಾಡಿ ಕ್ಯಾಪ್ಟನ್ನರನ್ನು ಅದರ ಅಧ್ಯಕ್ಷರನ್ನಾಗಿ, ನನ್ನನ್ನು ಸದಸ್ಯನನ್ನಾಗಿ ಮಾಡಿದ ಮೇಲೆ ತಾಂಡೇಲರು ಮನೆಯಲ್ಲಿ ಕೂತರು.

ಕ್ಯಾಪ್ಟನ್ ಬೈಂದೂರು ಕಡೆಯವರು, ಹೆಂಡತಿಯ ಊರಾದ ಬಾರ್ಕೂರಿನಲ್ಲಿ ಮನೆ ಕಟ್ಟಿ ನೆಲೆಸಿದವರು. ಮುಂಬೈಯಿಂದ ಸರಕು ಹಡಗುಗಳಲ್ಲಿ ಲೋಕ ಸುತ್ತಿದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಗ್ಗಿದ ದನಿ. ಊರಿನ ಅರ್ಧ ಜನರ ಪಾಸ್‌ಪೋರ್ಟ್ ಅರ್ಜಿ ತುಂಬಿಸಿದವರು ಅವರೇ. ಕಾಯಿಲೆಯವರನ್ನು ಮಣಿಪಾಲಕ್ಕೆ ಸಾಗಿಸಲು ತಮ್ಮ ಕಾರನ್ನು ಎಷ್ಟು ಸಲ ಕೊಟ್ಟಿದ್ದರೋ ಲೆಕ್ಕವಿಲ್ಲ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವಾರವಿಡೀ ನನ್ನನ್ನು ಕಟ್ಟಿಹಾಕಿದ್ದು ಅವರ ಒಳ್ಳೆಯತನವೇ.

ಆಳದ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಅಳಿವೆಯ ಬಾಯಲ್ಲಿ ಮೂರೂವರೆ ಮೀಟರ್ ಎಂದಿತ್ತು. ಯಾವ ಹೊತ್ತಿಗೆ ಅಳೆದರು ಎಂದು ಕೇಳಿದೆ. ಅದೇ ದಿನ, ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ, ಬೋಟಿನ ಮೀನು ಹುಡುಕುವ ಯಂತ್ರದಲ್ಲಿ ನೋಡಿ ಬರೆದರು, ಬೋಯೆಯನ್ನೂ ಆಗಲೇ ಬಿಟ್ಟರು ಎಂದರು ಕಾರ್ಯದರ್ಶಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪೂರ್ತಿ ಭರತ. ನಮ್ಮ ಕಡೆ ಭರತಕ್ಕೂ ಇಳಿತಕ್ಕೂ ಒಂದೂಕಾಲು ಮೀಟರ್‌ವರೆಗೆ ವ್ಯತ್ಯಾಸ ಬೀಳುತ್ತದೆ. ಅಂದರೆ ಇಳಿತದಲ್ಲಿ ಅಲ್ಲಿ ಉಳಿಯುವುದು ಎರಡೂಕಾಲು ಮೀಟರ್. ಅಲೆ ತಗ್ಗಿದಾಗ ಇನ್ನೂ ಅರ್ಧ ಮೀಟರ್ ಕಡಿಮೆ. ಮೀನು ತುಂಬಿ ಬರುವ ಬೋಟು ನೆಲಕ್ಕೆ ತಾಗದೆ ತೇಲಲು ಎರಡು ಮೀಟರ್ ನೀರು ಬೇಕು. ಅಡಿ ನೆಲಕ್ಕೆ ತಾಗಿದರೆ ಬೋಟು ಅಡ್ಡ ತಿರುಗುತ್ತದೆ, ಹಿಂದಿನಿಂದ ಬರುವ ತೆರೆ ಅದನ್ನು ಮಗುಚುತ್ತದೆ. ಒಂದು ಬೋಟಿನಲ್ಲಿ ಏಳೆಂಟು ಜನ.

ನಾನು ಸಹಿ ಮಾಡಲಿಲ್ಲ. ಇಳಿತದಲ್ಲಿ ಇನ್ನೊಮ್ಮೆ ಅಳೆಯಬೇಕು ಎಂದೆ. ಕಾರ್ಯದರ್ಶಿ ನಕ್ಕರು. ಕೆಟ್ಟ ನಗುವಲ್ಲ, ಸಂಕೋಚದ್ದು.

“ನೀವ್ ಬೇಜಾರ್ ಮಾಡ್ಕಣ್ಬೇಡಿ. ಕ್ಯಾಪ್ಟನ್ರ್ ಅಳ್ದದ್ದನ್ನ ಲೆಫ್ಟಿನೆಂಟ್ರ್ ಸಮ ಇಲ್ಲೆ ಅಂದ್ರೆ ಜನ ಯಾರ್ ಮಾತ್ ಕೇಂತ್ರ್ ಹೇಳಿ.”

ಕಾಗದವನ್ನು ಮಡಚಿ ಅವರ ಕೈಗೇ ಕೊಟ್ಟೆ. ಯಾಕೆ ವಾದಿಸಲಿಲ್ಲ ಎಂದು ಹೇಳಬೇಕಾದರೆ ನನ್ನ ಮನೆಯ ಗೇಟಿನ ಬಳಿಗೆ ಬರಬೇಕು. ಅಲ್ಲಿ ಕಪ್ಪು ಕಲ್ಲಿನ ಫಲಕದ ಮೇಲೆ ನನ್ನ ಹೆಸರಿನ ಹಿಂದೆ ‘ಲೆಫ್ಟಿನೆಂಟ್’ ಎಂದು ಕೆತ್ತಿದೆ. ನಾನು ಲೆಫ್ಟಿನೆಂಟ್ ಆಗಿರಲಿಲ್ಲ. ಮಗಳ ಮದುವೆಯ ಕಾಗದ ಅಚ್ಚು ಹಾಕಿಸಿದ ನನ್ನ ಭಾವ, ಗಂಡಿನ ಕಡೆಯವರು ದೊಡ್ಡ ಹುದ್ದೆಯವರೆಂದು ತಾನೇ ಸೇರಿಸಿದ. ಕಾಗದ ಕೈಗೆ ಬಂದ ದಿನ ನಾನು ರೇಗಿದ್ದು ನಿಜ. ಆದರೆ ಐನೂರು ಕಾಗದ ಅಚ್ಚಾಗಿತ್ತು, ಹಂಚಿಬಿಟ್ಟೆ. ಆಮೇಲೆ ಶಾಲೆಯವರು ಧ್ವಜಾರೋಹಣಕ್ಕೆ ಲೆಫ್ಟಿನೆಂಟ್ ಎಂದೇ ಕರೆದರು, ಹೋದೆ. ಐದು ವರ್ಷ ಹೋದೆ. ಮನೆ ಕಟ್ಟಿದಾಗ ಫಲಕವನ್ನು ಮಾತ್ರ ಭಾವ ಮಾಡಿಸಿದ್ದಲ್ಲ, ನಾನೇ ಹೋಗಿ ಹೇಳಿ ಮಾಡಿಸಿದ್ದು.

ಮರುದಿನ ಸ್ಕೂಟರ್ ಹತ್ತಿ ತ್ರಾಸಿಗೆ ಹೋದೆ. ಅಲ್ಲಿ ಹಡಗಿನ ಸಾರಂಗರಾಗಿ, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿಯಾಗಿ ನಿವೃತ್ತರಾದ ಪರಿಚಿತರಿದ್ದಾರೆ. ಕ್ಯಾಪ್ಟನ್ ಯಾವ ಹಡಗುಗಳ ಹೆಸರು ಹೇಳುತ್ತಿದ್ದರೋ ಅವುಗಳಲ್ಲಿ ಎರಡರಲ್ಲಿ ಇವರೂ ಇದ್ದರು. ಹೆದ್ದಾರಿಯ ಬದಿಯ ಅವರ ಮನೆಯ ಜಗಲಿಯಲ್ಲಿ ಕೂತು ಕೇಳಿದೆ. ಹಡಗು ನಡೆಸಿದವನು ಯಾರೇ ಆಗಲಿ, ಗಂಟೆ ಹಾಕದೆ ಆಳ ಬರೆಯುವುದಿಲ್ಲ, ಭರತದ ನೀರನ್ನು ಕಳೆಯದೆ ಪಟ್ಟಿ ಹೊರಡಿಸುವುದಿಲ್ಲ, ನನಗೆ ಅನುಮಾನ ಬಂದಿದೆ ಎಂದೆ. ಸಾರಂಗರು ಎದ್ದು ಒಳಬಾಗಿಲು ಎಳೆದು ಬಂದು ಕೂತರು. ಆಮೇಲೆ ನಿಧಾನವಾಗಿ ಹೇಳಿದರು. ಕ್ಯಾಪ್ಟನ್ ಹಡಗಿನಲ್ಲಿ ಅಡುಗೆಯವರು. ಮೊದಲು ಮೆಸ್ಸಿನಲ್ಲಿ ತಟ್ಟೆ ತೊಳೆದು, ಕೊನೆಗೆ ಚೀಫ್ ಕುಕ್ ಆದವರು. ಒಮ್ಮೆ ರಜೆಗೆ ಬರುವಾಗ ಕ್ಯಾಪ್ಟನ್ನನ ಟೋಪಿ ಹಾಕಿ ತಮಾಷೆಗೆ ತೆಗೆಸಿಕೊಂಡ ಫೋಟೋ ಒಂದನ್ನು ತಾಯಿ ಗೋಡೆಗೆ ಹಾಕಿದರಂತೆ. ನೋಡಿದವರು ಕ್ಯಾಪ್ಟನ್ ಎಂದರು, ಇವರು ಅಲ್ಲ ಅನ್ನಲಿಲ್ಲ.

ಇದನ್ನು ಒಂದು ಕಾಗದದಲ್ಲಿ ಬರೆದು ಕೊಡುವಿರಾ ಎಂದು ಕೇಳಿದೆ.

“ಇಲ್ಲೆ,” ಎಂದರು ಸಾರಂಗರು. “ಜ್ವರ ಬಂದ್ ಮಲ್ಗಿದಾಗ ಹನ್ನೊಂದ್ ದಿನ ನಂಗೆ ಗಂಜಿ ಮಾಡಿ ಕೊಟ್ಟವ ಅವ. ನನ್ನ ಕೈಯಂಗೆ ಬರ್ಸ್ಬೇಡಿ.”

ಮುಂಬೈಯ ಹಳೆಯ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. ಹಡಗು ನಡೆಸುವ ಅರ್ಹತಾ ಪತ್ರದ ಸಂಖ್ಯೆ ಇದ್ದರೆ ಪರಿಶೀಲಿಸಬಹುದು, ಇಲ್ಲದಿದ್ದರೆ ಅರ್ಜಿ ಕೊಟ್ಟು ವಾರಗಟ್ಟಲೆ ಕಾಯಬೇಕು ಎಂದ. ನನಗಿದ್ದದ್ದು ನಾಲ್ಕು ದಿನ. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಬರುವಾಗ ಬಾರ್ಕೂರಿಗೆ ತಿರುಗಿ ನೇರ ಕ್ಯಾಪ್ಟನ್ ಮನೆಗೇ ಹೋದೆ. ಯಾರ ಎದುರೂ ಏನೂ ಹೇಳುವುದು ಬೇಡ, ಇನ್ನೊಮ್ಮೆ ಅಳೆಯೋಣ ಎಂದು ಅವರೇ ಒಂದು ಮಾತು ಹೇಳಿದರೆ ಸಾಕು ಎಂಬ ಆಸೆ. ಚಾ ಬಂತು, ಜೊತೆಗೆ ಅವರೇ ಕರಿದ ಬಾಳೆಕಾಯಿ ಪೋಡಿ. ಅಷ್ಟು ಹದವಾದ ಪೋಡಿ ನಾನು ತಿಂದಿಲ್ಲ. ಭರತ, ಇಳಿತ, ಒಂದೂಕಾಲು ಮೀಟರ್ ಎಲ್ಲ ವಿವರಿಸಿದೆ. ಅವರು ಕಪ್ಪು ಕೆಳಗಿಟ್ಟು ನನ್ನ ಮುಖ ನೋಡಿದರು.

“ಲೆಫ್ಟಿನೆಂಟ್ರೆ, ನೀವ್ ತ್ರಾಸಿಗೆ ಹೋಯಿ ಬಂದದ್ದ್ ಗೊತ್ತಾಯ್ತ್. ಸಾರಂಗ್ರ್ ಫೋನ್ ಮಾಡಿರ್. ನನ್ನ ಕೇಂಬ ಮೊದ್ಲ್ ನಿಮ್ಮ್ ಗೇಟಿನ ಕಲ್ಲ್ ಒಂದ್ಸಲ ಓದಿ ಕಾಣಿ. ಹಡಗಂಗೆ ಇಪ್ಪತ್ತೆರಡ್ ವರ್ಷ ಆಫೀಸರಿಗೆ ಊಟ ಬಡ್ಸಿದ್ದೆ ನಾನ್. ಆಫೀಸರ್ ಯಾರ್, ಅಲ್ದವ ಯಾರ್ ಅಂದ್ ಕೂತ ಕೂಡ್ಲೆ ಗೊತ್ತಾತ್ತ್ ನಂಗೆ.”

ದನಿ ಏರಲೇ ಇಲ್ಲ. ಎದ್ದು ಬಂದೆ. ಸ್ಕೂಟರ್ ಚಾಲೂ ಮಾಡಲು ಮೂರು ಸಲ ಬೇಕಾಯಿತು. ಅವಮಾನಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಮನೆಯ ಗೇಟಿನ ಮುಂದೆ ಬಂದು ನಿಂತಾಗ ಆ ಸಿಟ್ಟಿಗೆ ಹೋಗಲು ಜಾಗ ಇರಲಿಲ್ಲ.

ಆ ಸಂಜೆ ಕಪಾಟಿನ ತಳದಿಂದ ನನ್ನ ಸೇವಾ ಪುಸ್ತಕ ತೆಗೆದೆ. ನಿವೃತ್ತಿಯ ಪುಟದಲ್ಲಿ ‘ಪೆಟ್ಟಿ ಆಫೀಸರ್, ಸರ್ವೆ ರೆಕಾರ್ಡರ್’ ಎಂದಿದೆ. ನೌಕಾಪಡೆಯಲ್ಲಿ ಅದು ನಾವಿಕರ ಶ್ರೇಣಿ, ಅಧಿಕಾರಿಯದಲ್ಲ. ಹದಿನೈದು ವರ್ಷ ನಾನು ಸಮುದ್ರ ಅಳೆಯುವ ಹಡಗಿನಲ್ಲಿದ್ದೆ. ಸಣ್ಣ ದೋಣಿಯಲ್ಲಿ ಹೋಗಿ, ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ, ನಂತರದ ವರ್ಷಗಳಲ್ಲಿ ಯಂತ್ರ ನೋಡಿ, ಆಳ ಬರೆಯುವುದು. ಪ್ರತಿ ಆಳದ ಎದುರಿಗೆ ಗಂಟೆ, ನಿಮಿಷ. ಗಂಟೆ ತಪ್ಪಿದರೆ ಇಡೀ ದಿನದ ಕೆಲಸ ಕಸ ಎಂದು ನನಗೆ ಕಲಿಸಿದವರು ಒಮ್ಮೆ ನನ್ನ ಪುಸ್ತಕವನ್ನು ನನ್ನ ಎದುರಿಗೇ ಹರಿದಿದ್ದರು.

ಪುಟ ನೋಡುತ್ತ ಕೂತಾಗ ಒಂದು ವಿಷಯ ಹೊಳೆಯಿತು. ಈ ಊರಿನಲ್ಲಿ ಅಳಿವೆಯ ಆಳ ಅಳೆಯಲು ತರಬೇತಿ ಪಡೆದವನು ನಾನೊಬ್ಬನೇ, ಮತ್ತು ಅದು ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವನು ನಾನೇ. ಹಗ್ಗ ಹಿಡಿಯುವ ಕೆಲಸ ಲೆಫ್ಟಿನೆಂಟಿಗೆ ಒಪ್ಪುವುದಿಲ್ಲವೆಂದು ಆ ಹದಿನೈದು ವರ್ಷದ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಕ್ಯಾಪ್ಟನ್ನರ ಮಾತಿನ ಎದುರು ಲೆಫ್ಟಿನೆಂಟನ ಮಾತು ನಿಲ್ಲುವುದಿಲ್ಲ. ಸರ್ವೆ ರೆಕಾರ್ಡರನ ಮಾತು ನಿಲ್ಲಬಹುದು.

ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಕೈ ನಿಲ್ಲಿಸಿದಳು. ಮಗಳ ಅತ್ತೆ ಮಾವನ ಎದುರು ಮಗಳು ಹೇಗೆ ತಲೆ ಎತ್ತುವುದು ಎಂದು ಕೇಳಿದಳು. ನನಗೆ ಅದೇ ಭಯ ಎಂದೆ. ಬೋಟಿನಲ್ಲಿ ಎಷ್ಟು ಜನ ಹೋಗುತ್ತಾರೆ ಎಂದಳು. ಹೇಳಿದೆ. ಅವಳು ಮತ್ತೆ ಅಕ್ಕಿಗೆ ಕೈ ಹಾಕಿ, ಹಾಗಾದರೆ ನಾಳೆ ಅಂಗಿ ಇಸ್ತ್ರಿ ಮಾಡಿ ಇಡುತ್ತೇನೆ ಎಂದಳು.

ಬುಧವಾರ ಮಧ್ಯಾಹ್ನ ದಕ್ಕೆಯ ಸಭಾಂಗಣದಲ್ಲಿ ಸಭೆ. ಅರವತ್ತು ಎಪ್ಪತ್ತು ಜನ. ಮುಂದಿನ ಸಾಲಿನಲ್ಲಿ ಕ್ಯಾಪ್ಟನ್, ಬಾಗಿಲ ಬಳಿ ಹಳೆಯ ತಾಂಡೇಲರು, ಅವರ ಪಕ್ಕದಲ್ಲಿ ನಲವತ್ತು ದಾಟಿದ ಅವರ ಮಗ. ಮೊದಲು ಇಳಿಯುವ ಬೋಟು ಆ ಮಗನದು. ಅದರಲ್ಲಿ ಹೋಗುವವರು ಅವನೂ ಸೇರಿ ಎಂಟು ಜನ.

ಕಾರ್ಯದರ್ಶಿ ಪಟ್ಟಿ ಓದಿ ಮುಗಿಸಿದ ಮೇಲೆ ನಾನು ಎದ್ದೆ. ಸೇವಾ ಪುಸ್ತಕ ತೆರೆದು ಆ ಪುಟ ಓದಿದೆ. ನಾನು ಲೆಫ್ಟಿನೆಂಟ್ ಅಲ್ಲ, ಎಂದೂ ಆಗಿರಲಿಲ್ಲ, ಇಷ್ಟು ವರ್ಷ ನಿಮ್ಮೆಲ್ಲರನ್ನು ನಂಬಿಸಿದ್ದಕ್ಕೆ ಕ್ಷಮಿಸಿ ಎಂದೆ. ಹಿಂದಿನಿಂದ ಯಾರೋ ನಕ್ಕರು. ಶಾಲೆಯ ಮೇಷ್ಟರು ತಲೆ ತಗ್ಗಿಸಿದರು. ಆಮೇಲೆ ನನ್ನ ಕೆಲಸ ಏನಾಗಿತ್ತೆಂದು ಹೇಳಿದೆ. ಈ ಪಟ್ಟಿಯ ಆಳ ಭರತದ್ದು, ಇಳಿತದಲ್ಲಿ ಇಷ್ಟು ನೀರು ಇರುವುದಿಲ್ಲ, ನಾಳೆ ಬೆಳಿಗ್ಗೆ ಆರಕ್ಕೆ ಇಳಿತ, ನನ್ನ ಜೊತೆ ಯಾರಾದರೂ ಬಂದರೆ ತೋರಿಸುತ್ತೇನೆ ಎಂದೆ. ಕ್ಯಾಪ್ಟನ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರ ಸುಳ್ಳನ್ನು ಎತ್ತಿ ತೋರಿಸುವ ಯೋಗ್ಯತೆ ನನಗಿರಲಿಲ್ಲ.

ಗಲಾಟೆ ಆಯಿತು. ಸುಳ್ಳು ಹೇಳಿದವನ ಅಳತೆ ನಂಬುವುದು ಹೇಗೆ ಎಂದು ಒಬ್ಬರು ಕೇಳಿದರು. ನ್ಯಾಯದ ಪ್ರಶ್ನೆ. ಒಬ್ಬ ಸಾಮಾನ್ಯ ನಾವಿಕ ಕ್ಯಾಪ್ಟನ್ನರಿಗೆ ಪಾಠ ಹೇಳುವುದೇ ಎಂದು ಇನ್ನೊಬ್ಬರು. ಕ್ಯಾಪ್ಟನ್ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಆಗ ತಾಂಡೇಲರು ಬಾಗಿಲ ಬಳಿಯಿಂದ, ಬಡಗು ಬೋಯೆ ಬಿಟ್ಟ ಜಾಗದಲ್ಲಿ ದಿನಾ ಬೆಳಿಗ್ಗೆ ತೆರೆ ಒಡೆಯುವುದನ್ನು ನೋಡಿದ್ದೇನೆ, ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ ಎಂದರು. ಅವರ ಮಗ ಎದ್ದು ನಿಂತ.

“ಬೋಟ್ ನಂದ್. ಹುದ್ದೆ ಯಾರ್ದ್ ಯಾವ್ದಾರೂ ಇರ್ಲಿ, ನೀರ್ ಎಷ್ಟಿತ್ತ್ ಅಂದ್ ನಾ ಬಂದ್ ಕಾಂತೆ.”

ಗುರುವಾರ ಬೆಳಿಗ್ಗೆ ಐದೂವರೆಗೆ ದಕ್ಕೆಗೆ ಹೋದಾಗ ನಾಡದೋಣಿಯ ಪಕ್ಕ ತಾಂಡೇಲರು, ಅವರ ಮಗ, ಮತ್ತು ಸ್ವಲ್ಪ ದೂರದಲ್ಲಿ ಕ್ಯಾಪ್ಟನ್ ನಿಂತಿದ್ದರು. ಬಿಳಿ ಅಂಗಿಯಲ್ಲ, ಒಂದು ಮಾಸಿದ ಬನಿಯನ್, ಮೇಲೆ ಪ್ಲಾಸ್ಟಿಕ್ ಕೋಟು. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ. ದೋಣಿ ಹತ್ತಿದೆವು.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಅಳತೆ ಶುರು ಮಾಡುವ ಮುಂಚೆ ಪುಸ್ತಕದ ಪುಟದ ಮೇಲೆ ತಾರೀಕು, ಗಾಳಿ, ಅಲೆ, ಆಮೇಲೆ ದೋಣಿಯಲ್ಲಿರುವ ಪ್ರತಿಯೊಬ್ಬರ ಹೆಸರು, ಹುದ್ದೆ, ಮಾಡುವ ಕೆಲಸ ಬರೆಯಬೇಕು. ದೋಣಿ ನಡೆಸುವವರು ಯಾರು, ಗಳು ಹಿಡಿದವರು ಯಾರು, ಆಳ ಕೂಗಿ ಹೇಳುವವರು ಯಾರು, ಬರೆಯುವವರು ಯಾರು. ಮುಂದೆ ತಪ್ಪು ಕಂಡರೆ ಯಾರನ್ನು ಕೇಳಬೇಕೆಂದು ಗೊತ್ತಿರಬೇಕಲ್ಲ. ಶಾಲೆಯ ನೋಟ್‌ಪುಸ್ತಕವೊಂದಕ್ಕೆ ಗೆರೆ ಹಾಕಿ ತಂದಿದ್ದೆ. ದೋಣಿ ನಡೆಸಲು ತಾಂಡೇಲರ ಮಗ, ಗಳು ಹಿಡಿಯಲು ತಾಂಡೇಲರು, ಬರೆಯಲು ನಾನು. ನನ್ನ ಹೆಸರಿನ ಎದುರು ‘ಪೆಟ್ಟಿ ಆಫೀಸರ್ (ನಿವೃತ್ತ)’ ಎಂದು ಬರೆದೆ. ತಾಂಡೇಲರಿಗೆ ಗಳುವಿನ ಗೀಟು ಕಾಣಿಸುವುದಿಲ್ಲ, ಓದಿ ಕೂಗಲು ಒಬ್ಬರು ಬೇಕು. ಉಳಿದವರು ಒಬ್ಬರೇ.

ಅವರ ಹೆಸರು ಬರೆದು ಪೆನ್ನು ನಿಲ್ಲಿಸಿದೆ. ಮುಂದಿನ ಕಾಲಂ ಖಾಲಿ. ಹೇಗೆ ಕೇಳಬೇಕೆಂದು ತಿಳಿಯಲಿಲ್ಲ.

“ಹುದ್ದೆ ಎಂತ ಬರೀಲಿ?” ಎಂದೆ.

ದೋಣಿ ಎರಡು ಮೂರು ಅಲೆ ಏರಿ ಇಳಿಯಿತು. ತಾಂಡೇಲರ ಮಗ ಎಂಜಿನ್ ಸಣ್ಣದು ಮಾಡಿದ. ಅವರು ನನ್ನನ್ನು ನೋಡಲಿಲ್ಲ, ಆ ಮಗನ ಕಡೆ ತಿರುಗಿ ಹೇಳಿದರು.

“ಚೀಫ್ ಕುಕ್. ನಾ ಹಡಗ್ ನಡ್ಸಿದವ ಅಲ್ಲ ಮಗಾ, ಅಡ್ಗಿ ಮಾಡಿದವ. ಬರ್ತ ಇಳ್ತ ಕಳೂದ್ ನಂಗ್ ಗೊತ್ತಿರ್ಲಿಲ್ಲೆ. ನಿನ್ ಬೋಟ್ ಮೊದ್ಲ್ ಇಳಿತಿತ್ತ್ ಅಂದ್ ನಿನ್ನೆ ಮನ್ಸಿಗೆ ಬಂತ್.”

ಅವನು ದೋಣಿಯನ್ನು ಮೊದಲ ಜಾಗಕ್ಕೆ ತಿರುಗಿಸಿದ. ತಾಂಡೇಲರು ಗಳು ಇಳಿಸಿದರು. ಮೊದಲ ಜಾಗದಲ್ಲಿ ಎರಡು ಮೀಟರ್ ಇಪ್ಪತ್ತು. ಗಂಟೆ ಆರು ಎರಡು. ಪಟ್ಟಿಯಲ್ಲಿ ಅದೇ ಜಾಗ ಮೂರೂವರೆ. ಬಡಗು ಬೋಯೆಯ ಪಕ್ಕ ಅಲೆ ಏರಿದಾಗ ಎರಡು, ತಗ್ಗಿದಾಗ ಒಂದೂವರೆ. ಗಳುವಿನ ತುದಿ ಮರಳಿಗೆ ತಾಗಿದ್ದು ನಾನು ಕೂತ ಹಲಗೆಗೂ ತಿಳಿಯಿತು. ಗೀಟು ಓದಲು ಕೂತ ಅವರು ಪ್ರತಿ ಆಳವನ್ನೂ ಸ್ಪಷ್ಟವಾಗಿ ಎರಡು ಸಲ ಕೂಗಿದರು, ದನಿ ಒಂದು ಸಲವೂ ತಪ್ಪಲಿಲ್ಲ. ತೆಂಕು ಬದಿಗೆ, ತಾಂಡೇಲರು ಬೆರಳು ತೋರಿಸಿದ ಕಡೆ, ಎರಡು ಮೀಟರ್ ನಲವತ್ತು ಸಿಕ್ಕಿತು. ಅಲ್ಲೂ ತುಂಬಿದ ಬೋಟು ಇಳಿತದಲ್ಲಿ ಬರುವ ಹಾಗಿಲ್ಲ, ನೀರು ಅರ್ಧ ಏರುವವರೆಗೆ ಹೊರಗೆ ಕಾಯಬೇಕು. ಮೂವತ್ತೊಂದು ಕಡೆ ಅಳೆದು, ಬೋಯೆಗಳನ್ನು ತೆಂಕಿಗೆ ಸರಿಸಿ ಬಂದೆವು.

ಆ ಪುಟ ದಕ್ಕೆಯ ನೋಟೀಸು ಹಲಗೆಗೆ ಅಂಟಿತು. ಆಳ ಓದುವ ಮುಂಚೆ ಜನ ಹುದ್ದೆಯ ಕಾಲಂ ಓದಿದರು. ಮಧ್ಯಾಹ್ನದೊಳಗೆ ಅದರ ಫೋಟೋ ಕುಂದಾಪುರ, ಬೈಂದೂರಿನವರೆಗೆ ಮೊಬೈಲಿನಲ್ಲಿ ಹೋಯಿತು. ಸಮಿತಿ ತನ್ನ ಅಧ್ಯಕ್ಷರ ಹೆಸರು ತೆಗೆಯಿತು. ಅವರು ದಕ್ಕೆಗೆ ಬರುವುದನ್ನು ನಿಲ್ಲಿಸಿದರು. ನನ್ನ ಪಾಲೂ ಬಂತು. ಆ ಆಗಸ್ಟ್‌ನಲ್ಲಿ ಶಾಲೆಯಿಂದ ಕರೆ ಬರಲಿಲ್ಲ. ಮಗಳ ಮಾವ ಫೋನ್ ಮಾಡಿ, ನಮಗೆ ಹುದ್ದೆ ಬೇಕಿರಲಿಲ್ಲ, ನೀವು ಸುಳ್ಳು ಹೇಳಬಾರದಿತ್ತು ಎಂದಷ್ಟೇ ಹೇಳಿ ಇಟ್ಟರು. ಮಗಳು ಎರಡು ವಾರ ನನ್ನೊಡನೆ ಮಾತಾಡಲಿಲ್ಲ, ತಾಯಿಯ ಹತ್ತಿರ ಮಾತ್ರ ಮಾತಾಡಿದಳು. ಗೇಟಿನ ಕಲ್ಲನ್ನು ನಾನೇ ಕಿತ್ತೆ. ಸಿಮೆಂಟಿನ ಗುರುತು ಇನ್ನೂ ಇದೆ.

ಬೋಟುಗಳು ಇಳಿದು ಒಂದು ವಾರವಾಗಿತ್ತು. ಮೀನು ಹಿಡಿಯುವ ಮೊದಲ ಸುತ್ತು ಮುಗಿಸಿ ಮರಳಿದ ಬೋಟುಗಳು ಮಧ್ಯಾಹ್ನ ಎರಡಕ್ಕೆ ಅಳಿವೆಯ ಹೊರಗೆ ಕಂಡವು. ಪೂರ್ತಿ ಇಳಿತ. ಎಲ್ಲಕ್ಕೂ ಮುಂದೆ ತಾಂಡೇಲರ ಮಗನ ಬೋಟು, ಮೀನಿನ ಭಾರಕ್ಕೆ ಕುಸಿದಿತ್ತು. ಬಡಗು ದಿಣ್ಣೆಯ ಮೇಲೆ ತೆರೆ ಬೆಳ್ಳಗೆ ಒಡೆಯುತ್ತಿತ್ತು, ಹಳೆಯ ಬೋಯೆ ಇದ್ದ ಜಾಗದಲ್ಲೇ. ಬೋಟುಗಳು ಒಳಗೆ ನುಗ್ಗಲಿಲ್ಲ, ಹೊರಗೇ ನಿಂತವು. ದಡದಲ್ಲಿ ಬುಟ್ಟಿ ಹಿಡಿದ ಹೆಂಗಸರು, ವ್ಯಾಪಾರದವರು ಗೊಣಗಿದರು. ಮೂರು ಗಂಟೆ ಆಯಿತು, ನಾಲ್ಕಾಯಿತು. ನಾನು ನೋಟ್‌ಪುಸ್ತಕ ಹಿಡಿದು ಕಲ್ಲಿನ ಮೇಲೆ ಕೂತಿದ್ದೆ, ನೀರಿನಲ್ಲಿ ನೆಟ್ಟ ಗಳುವಿನ ಗೀಟು ನೋಡುತ್ತ.

ಪಕ್ಕದಲ್ಲಿ ಯಾರೋ ಬಂದು ನಿಂತರು. ಅವರು. ಎಷ್ಟೋ ದಿನದ ಮೇಲೆ ನೋಡಿದ್ದು, ಸೊರಗಿದ್ದರು. ಹದಿನೈದು ವರ್ಷ ಕ್ಯಾಪ್ಟನ್ರೇ ಎಂದು ಕರೆದ ಬಾಯಿಗೆ ಬೇರೆ ಹೆಸರು ಬರಲಿಲ್ಲ, ಸುಮ್ಮನೆ ಸರಿದು ಜಾಗ ಮಾಡಿದೆ. ಕೂತರು. ಇಬ್ಬರೂ ಗೀಟು ನೋಡಿದೆವು. ನೀರು ಏರುತ್ತ ಏರುತ್ತ ನಾನು ಗುರುತು ಮಾಡಿದ ಗೀಟಿಗೆ ಬಂತು. ಎಲ್ಲಕ್ಕೂ ಮುಂದಿದ್ದ ಬೋಟು ಎಂಜಿನ್ ಏರಿಸಿದ ಸದ್ದು ಕೇಳಿತು. ತೆಂಕು ದಾರಿ ಹಿಡಿದು ಬಂತು, ಒಂದು ಅಲೆಯ ಮೇಲೆ ಎದ್ದಿತು, ಇಳಿಯಿತು, ಎಲ್ಲೂ ತಾಗಲಿಲ್ಲ. ಒಳಗಿನ ಶಾಂತ ನೀರಿಗೆ ಬಂದಾಗ ಎಂಟು ತಲೆಗಳನ್ನು ಎಣಿಸಿದೆ. ನನ್ನ ಕಣ್ಣು ಮಂಜಾಗಿ ಎರಡನೇ ಸಲ ಎಣಿಸಬೇಕಾಯಿತು. ಪೆನ್ನು ಕೈಯಲ್ಲೇ ಇತ್ತು, ಬರೆಯಲು ಮರೆತಿದ್ದೆ.

ಅವರು ತಮ್ಮ ಗಡಿಯಾರ ನೋಡಿದರು.

“ಬರ್ಕಣಿ, ಪೆಟ್ಟಿ ಆಫೀಸರ್ರೆ,” ಎಂದರು. “ಐದ್ ಗಂಟೆ ಹತ್ತ್ ನಿಮಿಷ.”

ನೌಕಾಪಡೆ ಬಿಟ್ಟ ಮೇಲೆ ನನ್ನನ್ನು ಹಾಗೆ ಕರೆದವರು ಅವರೊಬ್ಬರೇ. ಬರೆದುಕೊಂಡೆ.